ಪೆಟ್ಟಿಗೆಯಲ್ಲಿ ಬಂದ ಹೊಸತು: ಕದಿರು ಹೊಸದು, ಅಕ್ಕಿ ಹಳೆಯದು

ದಕ್ಷಿಣ ಕನ್ನಡದ ಒಂದು ಸಣ್ಣ ರೈತರ ಗುಂಪು, ಊರು ಬಿಟ್ಟು ಬಂದವರ ಮನೆಗಳಲ್ಲಿಯೂ ಹೊಸ ಅಕ್ಕಿಯ ಊಟ ನಿಲ್ಲಬಾರದೆಂಬ ಉದ್ದೇಶದಿಂದ, ನವರಾತ್ರಿಯ ಹೊತ್ತಿಗೆ ಕದಿರು (ಭತ್ತದ ತೆನೆ), ಎಲೆ, ಅಕ್ಕಿ, ಬೆಲ್ಲಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೆ ಕಳುಹಿಸುತ್ತದೆ. ನಮ್ಮ ಮನೆಯಲ್ಲಿ ಹೊಸತು ಉಣ್ಣುವುದು, ಅಂದರೆ ಹೊಸ ಅಕ್ಕಿಯ ಮೊದಲ ಊಟ ಮಾಡುವುದು, ವಿಜಯದಶಮಿಯ ದಿನ. 2025ರಲ್ಲಿ ಅದು ಅಕ್ಟೋಬರ್ 2ರಂದು ಬಂದಿತ್ತು. ಸಾಗಾಟದ ಖರ್ಚೂ ಸೇರಿ 1,150 ರೂಪಾಯಿ ಕೊಟ್ಟು ನಾವು ತರಿಸಿಕೊಂಡ ಪೆಟ್ಟಿಗೆ ಎರಡು ದಿನ ಮೊದಲೇ, ಸೆಪ್ಟೆಂಬರ್ 30ರ ಮಧ್ಯಾಹ್ನ, ಮನೆ ಸೇರಿತು. ಗುಂಪಿನ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅವರ ಕೆಲಸದಲ್ಲಿ ಕಂಡ ಒಂದು ದೊಡ್ಡ ಲೋಪವನ್ನು ಹೇಳಲೇಬೇಕಾಗಿದೆ, ಅದು ತಿದ್ದಿಕೊಳ್ಳಬಹುದಾದ ಲೋಪ, ಮತ್ತು ಅದೇ ಬಗೆಯ ಪೆಟ್ಟಿಗೆಗಳನ್ನು ಮಾರುವ ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

ಊರಿನಲ್ಲಿ ನಮ್ಮ ಮನೆಯೆದುರಿನ ಬೈಲುಗದ್ದೆಗೆ ಅಡಿಕೆ ಸಸಿ ಇಟ್ಟು ಒಂಬತ್ತು ವರ್ಷವಾಯಿತು. ಅಲ್ಲಿಂದೀಚೆಗೆ ಅಣ್ಣನೂ ಕದಿರನ್ನು ದೇವಸ್ಥಾನದಿಂದಲೇ ತರುತ್ತಾನೆ. ಇದು ನಮ್ಮೊಂದು ಮನೆಯ ಕಥೆಯಲ್ಲ. ಗದ್ದೆಗಳು ತೋಟವಾದ ಊರುಗಳಲ್ಲಿ ಕದಿರು ಹಂಚುವ ಕೆಲಸ ದೇವಸ್ಥಾನಗಳ ಮೇಲೆ ಬಿದ್ದಿದೆ, ಮಂಗಳೂರಿನ ಮಾರುಕಟ್ಟೆಯಲ್ಲಿ ಚೌತಿ, ನವರಾತ್ರಿಯ ದಿನಗಳಲ್ಲಿ ಹೂವಿನ ಜೊತೆಗೆ ಕದಿರೂ ಮಾರಾಟಕ್ಕೆ ಬರುತ್ತದೆ. ಹಾಗಾಗಿ ಕದಿರನ್ನು ಹಣ ಕೊಟ್ಟು ತರಿಸಿಕೊಳ್ಳುವುದರ ಬಗ್ಗೆ ನನಗೆ ಮುಜುಗರವಿರಲಿಲ್ಲ. ಎಪ್ಪತ್ತಾರು ವರ್ಷದ ಅಮ್ಮ ಈಗ ನಮ್ಮ ಜೊತೆಗೇ ಇದ್ದಾರೆ. ಬೆಂಗಳೂರಿಗೆ ಬಂದ ಮೇಲೆ ಎರಡು ವರ್ಷ ಅವರು ಹೊಸತು ಉಂಡಿರಲಿಲ್ಲ. ಪೆಟ್ಟಿಗೆ ತರಿಸಿದ್ದಕ್ಕೆ ಮುಖ್ಯ ಕಾರಣ ಅದೇ.

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು: ತಲಾ ಹನ್ನೆರಡು ತೆನೆಗಳ ಎರಡು ಕಟ್ಟು ಕದಿರು, ಮಾವು, ಹಲಸು, ಅಶ್ವತ್ಥ ಮತ್ತು ಬಿದಿರಿನ ಎಲೆಗಳು, ಕಟ್ಟುವುದಕ್ಕೆ ನಾರಿನ ಒಂದು ಸಣ್ಣ ಸುರುಳಿ, 'ಹೊಸ ಅಕ್ಕಿ' ಎಂಬ ಚೀಟಿ ಹಚ್ಚಿದ ಒಂದು ಕಿಲೋ ಕೆಂಪು ಬೆಳ್ತಿಗೆ (ಭತ್ತ ಕುದಿಸದೆ ಮಾಡಿದ ಅಕ್ಕಿ), ಒಂದು ಅಚ್ಚು ಓಲೆಬೆಲ್ಲ, ಹತ್ತು ಅರಸಿನ ಎಲೆ, ಒಂದು ತೆಂಗಿನಕಾಯಿ, ಕೊನೆಗೆ, ಹಬ್ಬದ ಕ್ರಮವನ್ನು ವಿವರಿಸುವ ನಾಲ್ಕು ಪುಟಗಳ ಒಂದು ಕೈಪಿಡಿ.

ಕದಿರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಹಬ್ಬದಲ್ಲಿ ಬೇರೆ ಯಾವುದಿಲ್ಲದಿದ್ದರೂ ನಡೆಯುತ್ತದೆ, ಅದಿಲ್ಲದೆ ನಡೆಯುವುದಿಲ್ಲ. ತುಳುವಿನಲ್ಲಿ ಇದಕ್ಕೆ 'ಕುರಲ್' ಎನ್ನುತ್ತಾರೆ, ಅದನ್ನು ಕಟ್ಟುವ ಹಬ್ಬವೇ 'ಕುರಲ್ ಪರ್ಬ'. ಈ ವಿಷಯದಲ್ಲಿ ಗುಂಪಿನವರು ತೋರಿಸಿದ ಎಚ್ಚರವನ್ನು ಮನಸಾರೆ ಮೆಚ್ಚುತ್ತೇನೆ. ತೆನೆ ಪೂರ್ತಿ ಮಾಗಿದ ಮೇಲೆ ಕೊಯ್ದರೆ ಮುನ್ನೂರೈವತ್ತು ಕಿಲೋಮೀಟರಿನ ಪ್ರಯಾಣದಲ್ಲಿ ಕಾಳು ಉದುರಿ ಬರಿಯ ಹುಲ್ಲು ಕೈಗೆ ಬರುತ್ತದೆ. ತೀರ ಎಳೆಯದನ್ನು ಕೊಯ್ದರೆ ಕಾಳಿನೊಳಗೆ ಹಾಲಿರುತ್ತದೆಯೇ ಹೊರತು ಅಕ್ಕಿ ಇರುವುದಿಲ್ಲ. ಇವರು ಕಳುಹಿಸಿದ ತೆನೆಗಳ ತುದಿಯ ಕಾಳುಗಳು ಹೊಂಬಣ್ಣಕ್ಕೆ ತಿರುಗಿದ್ದವು, ಬುಡದ ಕಾಳುಗಳಲ್ಲಿ ಇನ್ನೂ ಹಸಿರು ಉಳಿದಿತ್ತು. ನಡುವಿನ ಒಂದು ಕಾಳನ್ನು ಸುಲಿದು ಕಚ್ಚಿದಾಗ ಅದು ಹಲ್ಲಿಗೆ ಮೆತ್ತಗೆ ಸಿಕ್ಕಿ, ಬಾಯಲ್ಲಿ ಹಿಟ್ಟಾಗಿ, ಕೊನೆಗೆ ಸ್ವಲ್ಪ ಸಿಹಿಯಾಯಿತು. ಗದ್ದೆಯ ಬದುವಿನ ಮೇಲೆ ನಿಂತು ಕಾಳು ಕಚ್ಚಿ 'ಇನ್ನು ಹದಿನೈದು ದಿನ' ಎಂದು ಅಪ್ಪ ಹೇಳುತ್ತಿದ್ದುದು ಇಂಥ ಕಾಳನ್ನೇ. ಒಂದು ತೆನೆಯನ್ನು ಮಗಳು ಕುಳಿತು ಎಣಿಸಿದಳು: ತೊಂಬತ್ತನಾಲ್ಕು ಕಾಳುಗಳಲ್ಲಿ ಹದಿನೇಳು ಜೊಳ್ಳು. ಪೆಟ್ಟಿಗೆಯ ತಳದಲ್ಲಿ ಉದುರಿದ್ದ ಕಾಳುಗಳು ಒಂದು ಚಿಟಿಕೆಗಿಂತ ಹೆಚ್ಚಿರಲಿಲ್ಲ.

ದಂಟನ್ನು ಒಂದು ಗೇಣಿಗಿಂತ ಉದ್ದವಾಗಿ ಬಿಟ್ಟು ಕೊಯ್ದಿರುವುದೂ ಗಮನಿಸಬೇಕಾದ ಸಂಗತಿ. ಮಾರುಕಟ್ಟೆಯಲ್ಲಿ ಸಿಗುವ ಕದಿರಿನಲ್ಲಿ ದಂಟು ಬಹಳ ಸಲ ಮೋಟಾಗಿರುತ್ತದೆ. ಎಲೆಗಳ ಜೊತೆ ಸೇರಿಸಿ ನಾರು ಸುತ್ತುವಾಗ ತೆನೆ ಎಲೆಯೊಳಗೆ ಮುಚ್ಚಿಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಕಟ್ಟಿದ ಮೇಲೆ ತೆನೆ ಎಲೆಗಳಿಂದ ಹೊರಗೆ ಬಾಗಿ ತೂಗುತ್ತಿತ್ತು.

ಎಲೆಗಳ ವಿಷಯಕ್ಕೆ ಬಂದರೆ ಅಷ್ಟು ಸಮಾಧಾನವಿಲ್ಲ. ಎಲ್ಲ ಎಲೆಗಳನ್ನೂ ಒಂದೇ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದರು. ಮಾವಿನ ಎಲೆಗೆ ಏನೂ ಆಗಿರಲಿಲ್ಲ, ಹಲಸಿನ ಎಲೆಯೂ ಗಟ್ಟಿಯಾಗಿಯೇ ಇತ್ತು. ಆದರೆ ಅಶ್ವತ್ಥದ ಎಲೆಗಳ ಅಂಚು ಕಪ್ಪಾಗಿ ಕೊಳೆಯತೊಡಗಿತ್ತು, ಬಿದಿರಿನ ಎಲೆಗಳು ಸುರುಳಿ ಸುತ್ತಿಕೊಂಡು ಬಿಡಿಸಲು ಬಾರದಂತಾಗಿದ್ದವು. ಬಟ್ಟೆಯ ತೇವ ಪಕ್ಕದ ಒಂದು ಕದಿರಿನ ಕಟ್ಟಿಗೂ ತಗಲಿ, ಅದರಲ್ಲಿ ಸಣ್ಣಗೆ ಬೂಸ್ಟಿನ ವಾಸನೆ ಬಂದಿತ್ತು; ಬಿಸಿಲಿಗೆ ಹರಡಿದ ಮೇಲೆ ಹೋಯಿತು. ಕದಿರು ಒಣಗಿದ ಕಾಗದದಲ್ಲಿ, ಎಲೆಗಳು ಬಾಳೆಲೆಯಲ್ಲಿ, ಬೇರೆ ಬೇರೆಯಾಗಿ ಬಂದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಮಾವು, ಹಲಸು, ಅಶ್ವತ್ಥಗಳ ಎಲೆ ಬೆಂಗಳೂರಿನಲ್ಲೇ ಸಿಗುತ್ತದೆ. ಬಿದಿರಿನ ಎಲೆಯೊಂದನ್ನು ಜೋಪಾನವಾಗಿ ಕಳುಹಿಸಿದರೂ ಸಾಕಿತ್ತು.

ಊರಿನ ಮನೆಯಲ್ಲಿ ಈ ದಿನದ ಕ್ರಮ ಹೀಗಿತ್ತು. ಬೆಳಗಿನ ಜಾವವೇ ಅಪ್ಪ ಸ್ನಾನ ಮಾಡಿ ಗದ್ದೆಗೆ ಇಳಿಯುತ್ತಿದ್ದರು. ಪೈರಿನ ಬುಡಕ್ಕೆ ಹಾಲೆರೆದು, ಕೈಮುಗಿದು, ಒಂದು ಹಿಡಿ ತೆನೆ ಕೊಯ್ದು ಗೆರಸೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಅಂಗಳದಲ್ಲಿ ಅಮ್ಮ ಅವರ ಕಾಲಿಗೆ ನೀರು ಹಾಕಿದ ಮೇಲೆ ಗೆರಸೆ ತುಳಸಿಕಟ್ಟೆಯ ಮುಂದೆ ಇಳಿಯುತ್ತಿತ್ತು. ಪೂಜೆಯಾದ ಮೇಲೆ ಎಲೆಗಳ ಜೊತೆ ತೆನೆಯನ್ನು ಸೇರಿಸಿ ಚಾವಡಿಯ ಕಂಬಕ್ಕೆ, ಹೊಸ್ತಿಲ ಮೇಲಕ್ಕೆ, ಭತ್ತ ತುಂಬಿಡುವ ಪತ್ತಾಯಕ್ಕೆ, ದನದ ಹಟ್ಟಿಗೆ, ಬಾವಿಯ ಕಂಬಕ್ಕೆ, ನೇಗಿಲಿಗೆ, ತೆಂಗಿನ ಮರಕ್ಕೆ ಒಂದೊಂದಾಗಿ ಕಟ್ಟುತ್ತಿದ್ದೆವು. ಇದನ್ನು ಮನೆ ತುಂಬಿಸುವುದು ಎನ್ನುತ್ತಾರೆ. ಕಟ್ಟಿದ ಕದಿರು ಮುಂದಿನ ವರ್ಷದವರೆಗೂ ಅಲ್ಲೇ ಇರುತ್ತಿತ್ತು. ಹಳೆಯದನ್ನು ಬಿಚ್ಚಿ ಮರದ ಬುಡಕ್ಕೆ ಹಾಕುವುದು ಮಕ್ಕಳ ಪಾಲಿನ ಕೆಲಸ.

ಕೈಪಿಡಿಯಲ್ಲಿ 'ಮುಖ್ಯ ಬಾಗಿಲಿಗೆ ಕಟ್ಟಿರಿ' ಎಂದಷ್ಟೇ ಬರೆದಿದೆ. ಇದು ನನಗೆ ಸಾಲದೆನಿಸಿತು. ಕದಿರು ಕಟ್ಟುವುದು ಬಾಗಿಲ ಅಲಂಕಾರಕ್ಕಲ್ಲ; ಮನೆಯ ಅನ್ನ ಯಾವ ಯಾವ ವಸ್ತುವಿನ, ಯಾವ ಯಾವ ಪ್ರಾಣಿಯ ದುಡಿಮೆಯಿಂದ ಬಂತೋ ಅದಕ್ಕೆಲ್ಲ ಒಂದೊಂದು ತೆನೆ ಸಲ್ಲಬೇಕೆಂಬುದು ಅದರ ಹಿಂದಿನ ಭಾವ. ಅಮ್ಮ ಕೈಪಿಡಿಯನ್ನು ಓದಿಸಿ ಕೇಳಿ, ಅದನ್ನು ಬದಿಗಿಟ್ಟು, ಮೂರು ಕೋಣೆಗಳ ಈ ಮನೆಯಲ್ಲಿ ತಾವೇ ಜಾಗಗಳನ್ನು ತೋರಿಸಿದರು: ಹೊಸ್ತಿಲು, ದೇವರ ಕಪಾಟು, ಅಕ್ಕಿ ಹಾಕಿಡುವ ಡಬ್ಬಿ, ಅಡುಗೆಮನೆಯ ನೀರಿನ ನಲ್ಲಿ, ಬಾಲ್ಕನಿಯ ತುಳಸಿ, ಮಕ್ಕಳು ಓದುವ ಮೇಜು, ಕೆಳಗೆ ನಿಲ್ಲಿಸಿರುವ ಸ್ಕೂಟರು. 'ಹಟ್ಟಿ ಇಲ್ಲ, ಏನು ಮಾಡುವುದು' ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಲಿನ ಪಾತ್ರೆ ಇಡುವ ಕಡೆಗೆ ಒಂದು ತೆನೆ ಕಟ್ಟಲು ಹೇಳಿದರು. ಇಪ್ಪತ್ತನಾಲ್ಕು ತೆನೆಗಳಲ್ಲಿ ಹದಿನಾಲ್ಕು ಕಟ್ಟುವುದಕ್ಕೆ ಹೋದವು, ಹತ್ತು ಊಟಕ್ಕೆ ಉಳಿದವು. ನಗರದ ಮನೆಗೆ ಇಷ್ಟು ಕದಿರು ಧಾರಾಳವಾಗಿಯೇ ಸಾಕು.

ಇನ್ನು ಅಕ್ಕಿ. ಈ ಬರಹಕ್ಕೆ ನಿಜವಾದ ಕಾರಣ ಇದೇ.

ಒಂದು ಕಿಲೋದ ಆ ಪೊಟ್ಟಣದ ಮೇಲೆ 'ಹೊಸ ಅಕ್ಕಿ' ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು, ಕೆಳಗೆ ಪೊಟ್ಟಣ ಕಟ್ಟಿದ ದಿನಾಂಕ ಸೆಪ್ಟೆಂಬರ್ 24 ಎಂದಿತ್ತು. ಯಾವ ಗದ್ದೆಯದು, ಯಾವ ತಳಿ, ಕೊಯ್ದದ್ದು ಯಾವಾಗ ಎಂಬುದಕ್ಕೆ ಒಂದು ಅಕ್ಷರವೂ ಇರಲಿಲ್ಲ. ಹೊಸ ಅಕ್ಕಿ ಎಂದು ಮಾರುವ ಅಕ್ಕಿಗೆ ಕೊಯ್ಲಿನ ದಿನಾಂಕಕ್ಕಿಂತ ಮುಖ್ಯವಾದ ವಿವರ ಇನ್ನೊಂದಿಲ್ಲವಾದ್ದರಿಂದ, ಹಬ್ಬದ ಹಿಂದಿನ ದಿನವೇ ನಾನು ಅದನ್ನು ಬೇಯಿಸಿ ನೋಡಲು ನಿರ್ಧರಿಸಿದೆ. ಮನೆಯಲ್ಲಿ ಕಳೆದ ನವೆಂಬರಿನಲ್ಲಿ ಊರಿನ ಗಿರಣಿಯಿಂದ ತಂದಿದ್ದ ಕೆಂಪು ಬೆಳ್ತಿಗೆ ಸ್ವಲ್ಪ ಉಳಿದಿತ್ತು. ಎರಡನ್ನೂ ಒಂದೊಂದು ಲೋಟ ತೆಗೆದುಕೊಂಡು, ಒಂದೇ ಬಗೆಯ ಪಾತ್ರೆಗಳಲ್ಲಿ, ಮೂರು ಮೂರು ಲೋಟ ನೀರು ಹಾಕಿ, ಒಂದೇ ಉರಿಯಲ್ಲಿ ಇಟ್ಟೆ.

ಹೊಸ ಅಕ್ಕಿ ಮತ್ತು ಹಳೆಯ ಅಕ್ಕಿಯ ವ್ಯತ್ಯಾಸ ಅಡುಗೆ ಮಾಡುವವರಿಗೆಲ್ಲ ತಿಳಿದದ್ದೇ. ಕೊಯ್ಯುವಾಗ ಭತ್ತದಲ್ಲಿ ನೂರಕ್ಕೆ ಇಪ್ಪತ್ತು ಇಪ್ಪತ್ತೈದರಷ್ಟು ತೇವ ಇರುತ್ತದೆ. ಕೆಡದಂತೆ ಇಡಬೇಕಾದರೆ ಅದನ್ನು 14ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಒಣಗಿದ ಮೇಲೂ ಕಾಳು ತಿಂಗಳುಗಟ್ಟಲೆ ಒಳಗೊಳಗೇ ಗಟ್ಟಿಯಾಗುತ್ತ ಹೋಗುತ್ತದೆ. ಹಾಗಾಗಿ ಹೊಸ ಬೆಳ್ತಿಗೆ ಕಡಿಮೆ ನೀರಿನಲ್ಲಿ ಬೇಗ ಬೇಯುತ್ತದೆ, ನೀರು ಸ್ವಲ್ಪ ಹೆಚ್ಚಾದರೂ ಮುದ್ದೆಯಾಗುತ್ತದೆ, ಗಂಜಿ ದಪ್ಪವಾಗಿ ಕೈಗೆ ಅಂಟುತ್ತದೆ. ಹಳೆಯ ಅಕ್ಕಿ ಹೆಚ್ಚು ನೀರು ಕುಡಿದು ಚೆನ್ನಾಗಿ ಅರಳುತ್ತದೆ, ಅಗುಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಊಟದ ಅಂಗಡಿಗಳು ಹಳೆಯ ಅಕ್ಕಿಗೆ ಹೆಚ್ಚು ಬೆಲೆ ಕೊಡುವುದೂ, ಹೊಸ ಅಕ್ಕಿ ಹೊಟ್ಟೆಗೆ ಭಾರ ಎಂದು ಹಿರಿಯರು ಎಚ್ಚರಿಸುವುದೂ ಇದೇ ಕಾರಣಕ್ಕೆ.

ಮೂರು ಲೋಟ ನೀರಿನಲ್ಲಿ ನಿಜವಾದ ಹೊಸ ಬೆಳ್ತಿಗೆ ಗಂಜಿಯಾಗಬೇಕಿತ್ತು. ಪೆಟ್ಟಿಗೆಯ ಅಕ್ಕಿ ಹಾಗಾಗಲಿಲ್ಲ. ಅದು ನಮ್ಮ ಮನೆಯ ಹನ್ನೊಂದು ತಿಂಗಳ ಹಳೆಯ ಅಕ್ಕಿಯ ಪಕ್ಕದಲ್ಲಿ, ಅದರಷ್ಟೇ ಹೊತ್ತು ತೆಗೆದುಕೊಂಡು, ಅದರಂತೆಯೇ ಅರಳಿ, ಅಗುಳು ಅಗುಳಾಗಿ ನಿಂತಿತು. ಅಮ್ಮ ಎರಡರಿಂದಲೂ ಒಂದೊಂದು ತುತ್ತು ತಿಂದು, ಯಾವುದು ಯಾವುದೆಂದು ನಾನು ಹೇಳುವ ಮೊದಲೇ, 'ಎರಡೂ ಹಳತೇ' ಎಂದರು. ಅನ್ನ ರುಚಿಯಾಗಿತ್ತು, ಅಕ್ಕಿಯಲ್ಲಿ ಕಲ್ಲಿಲ್ಲ, ಹುಳುವಿಲ್ಲ, ತೌಡು ಮೇಲೆಯೇ ಉಳಿದಿದ್ದ ಒಳ್ಳೆಯ ಕೆಂಪಕ್ಕಿ. ಆದರೆ ಅದು ಹೊಸ ಅಕ್ಕಿಯಲ್ಲ.

ಸ್ವಲ್ಪ ಲೆಕ್ಕ ಹಾಕಿದ್ದರೆ ಬೇಯಿಸದೆಯೂ ಇದು ತಿಳಿಯುತ್ತಿತ್ತು. ಕರಾವಳಿಯ ಮುಂಗಾರು ಬೆಳೆಗೆ ಏಣೆಲು ಎನ್ನುತ್ತಾರೆ; ಅದರ ನಂತರದ ಬೆಳೆ ಸುಗ್ಗಿ, ನೀರಿರುವ ಕಡೆ ಮೂರನೆಯದಾಗಿ ಕೊಳಕೆ. ಏಣೆಲಿಗೆ ನಮ್ಮ ಕಡೆ ಹೆಚ್ಚಾಗಿ ಹಾಕುವುದು ಕೇರಳದ ಮೊಂಕೊಂಬು ಸಂಶೋಧನಾ ಕೇಂದ್ರದಿಂದ ಬಂದ ಎಂಒ4 ಎಂಬ ಕೆಂಪಕ್ಕಿಯ ತಳಿ. ಅದು ಕೊಯ್ಲಿಗೆ ಬರಲು ಸುಮಾರು 130 ದಿನ ಬೇಕು. ಜೂನ್ ಎರಡನೆಯ ವಾರ ನೇಜಿಗೆ (ನಾಟಿಯ ಸಸಿಗೆ) ಬಿತ್ತಿದರೆ ಕೊಯ್ಲು ಅಕ್ಟೋಬರ್ ಮೂರನೆಯ ವಾರಕ್ಕೆ ಬರುತ್ತದೆ. ಆಮೇಲೆ ಒಣಗಿಸಬೇಕು, ಗಿರಣಿಗೆ ಹೋಗಬೇಕು. ಅಂಥ ಗದ್ದೆಯ ಅಕ್ಕಿ ಸೆಪ್ಟೆಂಬರ್ 24ರಂದು ಕಿಲೋಗಟ್ಟಲೆ ಪೊಟ್ಟಣದೊಳಗಿರುವುದು ಸಾಧ್ಯವೇ ಇಲ್ಲ. ಆ ದಿನಗಳಲ್ಲಿ ಗದ್ದೆಯಿಂದ ಸಿಗುವುದು ತೆನೆ ಮಾತ್ರ, ಅದೂ ಬೇಗ ಬಿತ್ತಿದ ಗದ್ದೆಯ ಅರೆಮಾಗಿದ ತೆನೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೊಸತು ಊಟದ ಅನ್ನ ಪೂರ್ತಿ ಹೊಸ ಅಕ್ಕಿಯದಾಗಿರಬೇಕೆಂದು ಯಾರೂ ಹೇಳಿದ್ದಿಲ್ಲ. ಕದಿರಿನಿಂದ ಕೆಲವು ಕಾಳುಗಳನ್ನು ಉಗುರಿನಿಂದ ಸುಲಿದು, ಆ ಹಸಿ ಅಕ್ಕಿಯನ್ನು ಹಳೆಯ ಅಕ್ಕಿಯ ಪಾತ್ರೆಗೆ ಹಾಕುವುದು, ಇನ್ನಷ್ಟನ್ನು ಕಾಯಿಹಾಲಿನ ಪಾಯಸಕ್ಕೆ ಸೇರಿಸುವುದು, ಉಳಿದದ್ದನ್ನು ತೆಂಗಿನಕಾಯಿಯ ಜೊತೆ ಅರೆದು ಪ್ರತಿಯೊಂದು ಪದಾರ್ಥಕ್ಕೂ ಒಂದಿಷ್ಟು ಬೆರೆಸುವುದು ನಮ್ಮ ಮನೆಯ ಕ್ರಮ. ಹಳೆಯದು ಮುಗಿಯುವ ಮೊದಲೇ ಹೊಸದು ಅದರೊಳಗೆ ಸೇರಿಕೊಳ್ಳುತ್ತದೆ. ಪತ್ತಾಯ ಬರಿದಾಗಲಿಲ್ಲ ಎಂಬ ನೆಮ್ಮದಿ ಆ ಒಂದು ಪಾತ್ರೆ ಅನ್ನದಲ್ಲಿರುತ್ತದೆ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ ಮುಡಿಗಳು ಒಂದೊಂದಾಗಿ ಬಿಚ್ಚಿ ಖಾಲಿಯಾಗುತ್ತ, 42 ಸೇರಿನ ಕೊನೆಯ ಮುಡಿ ಎಷ್ಟು ದಿನಕ್ಕೆ ಬರುತ್ತದೆಂದು ಲೆಕ್ಕ ಹಾಕುತ್ತಿದ್ದ ಮನೆಯಲ್ಲಿ ಬೆಳೆದ ಅಮ್ಮನಿಗೆ ಈ ಬೆರೆಸುವಿಕೆಯ ಅರ್ಥ ವಿವರಿಸಬೇಕಾಗಿಲ್ಲ.

ಹಬ್ಬದ ದಿನ ತಿಥಿಗೋ ತಾರೀಖಿಗೋ ಅಂಟಿಕೊಂಡಿರುವ ಕಡೆಗಳಲ್ಲೆಲ್ಲ ಇದೇ ಜಾಣ್ಮೆ ಕಾಣುತ್ತದೆ. ಮಂಗಳೂರಿನ ಕ್ರೈಸ್ತರು ಮೊಂತಿ ಫೆಸ್ತ್ ಆಚರಿಸುವುದು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನ. ಆ ಹೊತ್ತಿಗೆ ಹೆಚ್ಚಿನ ಗದ್ದೆಗಳಲ್ಲಿ ತೆನೆ ಹಾಲುಗಟ್ಟುತ್ತಿರುತ್ತದೆ, ಅಷ್ಟೇ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಕೆಲವೇ ಕಾಳುಗಳನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಹಂಚಿಕೊಂಡು, ಬಳಿಕ ತರಕಾರಿಯ ಊಟ ಮಾಡುತ್ತಾರೆ. ಕೊಡಗಿನ ಪುತ್ತರಿ ಬೇರೆ ಬಗೆಯದು. ಅಲ್ಲಿ ಬೆಳೆ ದೀರ್ಘಾವಧಿಯದು, ಹಬ್ಬ ಬರುವುದು ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ನೆರೆ (ಎಲೆಗಳ ಕಟ್ಟು) ಕಟ್ಟುವ, ಕದಿರು ತೆಗೆಯುವ, ಊಟ ಮಾಡುವ ಗಳಿಗೆಗಳನ್ನು ನಿಶ್ಚಯಿಸುತ್ತಾರೆ. 'ಪೊಲಿ ಪೊಲಿ ದೇವಾ' ಎಂದು ಕೂಗುತ್ತ ಬೆಳದಿಂಗಳಲ್ಲಿ ಕದಿರು ಕೊಯ್ಯುವಾಗ ಗದ್ದೆ ನಿಜವಾಗಿ ಮಾಗಿರುತ್ತದೆ. ಅಂಥ ಕಡೆಯೂ ಆ ರಾತ್ರಿ ಮನೆಗೆ ಬರುವುದು ಕೆಲವು ಹಿಡಿ ಕದಿರೇ ಹೊರತು ಗಾಡಿ ತುಂಬ ಭತ್ತವಲ್ಲ. ಹೀಗಿರುವಾಗ ಒಂದು ಕಿಲೋ ಹೊಸ ಅಕ್ಕಿ ಬೇಕೆಂಬ ನಿರೀಕ್ಷೆಯೇ ಹಬ್ಬಕ್ಕೆ ಹೊರಗಿನದು.

ನಾನು ಗುಂಪಿನವರಿಗೆ ಫೋನು ಮಾಡಿ ಕೇಳಿದೆ. ಮಾತನಾಡಿದವರು ಏನನ್ನೂ ಮುಚ್ಚಿಡಲಿಲ್ಲ; ಅವರ ಮೇಲಿನ ಗೌರವ ಉಳಿದಿರುವುದು ಅದರಿಂದಲೇ. 'ಅಕ್ಕ, ಅದು ಜನವರಿ ಕೊನೆಗೆ ಕೊಯ್ದ ಸುಗ್ಗಿಯ ಅಕ್ಕಿ. ಈ ವರ್ಷದ್ದೇ ಅಲ್ಲವಾ ಎಂದು ಹೊಸತು ಎಂದೆವು. ನವರಾತ್ರಿಗೆ ಒಂದು ಕಿಲೋ ಏಣೆಲಕ್ಕಿ ನಾವು ಎಲ್ಲಿಂದ ತರುವುದು? ಅಕ್ಕಿ ಇಲ್ಲದೆ ಬರೀ ಕದಿರು ಕಳಿಸಿದರೆ ಪೆಟ್ಟಿಗೆ ಯಾರೂ ತಗೊಳ್ಳುವುದಿಲ್ಲ' ಎಂದರು. ಕೊನೆಯ ಮಾತಿನಲ್ಲಿ ಸತ್ಯ ಇರಬಹುದು. ಪೆಟ್ಟಿಗೆ ಭಾರವಾಗಿದ್ದರೆ ಕೊಟ್ಟ ಹಣಕ್ಕೆ ಸರಿಯೆನ್ನಿಸುವುದು ಸಹಜ. ಆದರೂ ಎಂಟು ತಿಂಗಳ ಹಿಂದಿನ ಅಕ್ಕಿಗೆ ಹೊಸ ಅಕ್ಕಿ ಎಂಬ ಚೀಟಿ ಹಚ್ಚುವುದನ್ನು ನಾನು ಒಪ್ಪಲಾರೆ. 'ಇದು ಸುಗ್ಗಿಯ ಅಕ್ಕಿ, ಕದಿರಿನ ಕಾಳನ್ನು ಇದರಲ್ಲಿ ಬೆರೆಸಿ ಬೇಯಿಸಿರಿ' ಎಂದು ಬರೆದಿದ್ದರೆ ಅದು ನಿಜವೂ ಆಗುತ್ತಿತ್ತು, ಊರಿನ ಪದ್ಧತಿಗೆ ಹತ್ತಿರವೂ ಆಗುತ್ತಿತ್ತು. ಚೀಟಿಯನ್ನು ನಂಬಿ, ಕದಿರನ್ನೆಲ್ಲ ಬಾಗಿಲಿಗೆ ಕಟ್ಟಿ, ಪೊಟ್ಟಣದ ಅಕ್ಕಿಯನ್ನಷ್ಟೇ ಬೇಯಿಸಿದ ಮನೆಯವರು ಹೊಸತು ಉಂಡೆವೆಂದುಕೊಂಡು ಹಳೆಯ ಅಕ್ಕಿ ಉಂಡಿರುತ್ತಾರೆ. ನನಗೆ ಬೇಸರವಾದದ್ದು ಅದಕ್ಕೆ. ಹೊಸ ಕಾಳು ಅವರ ಕೈಯಲ್ಲೇ ಇತ್ತು, ಅದನ್ನು ಸುಲಿಯಿರಿ ಎಂದು ಕೈಪಿಡಿ ಹೇಳಲಿಲ್ಲ.

ಕೈಪಿಡಿಯ ಬಗ್ಗೆ ಇನ್ನೆರಡು ಮಾತು. ಅಚ್ಚು ಶುದ್ಧವಾಗಿದೆ, ಕನ್ನಡ ಚೆನ್ನಾಗಿದೆ. ಆದರೆ ಅದು ತುಳುನಾಡಿನ ಪುದ್ವಾರ್, ಕುಂದಾಪುರ ಕಡೆಯ ಹೊಸ್ತು, ಕೊಡಗಿನ ಪುತ್ತರಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎಲ್ಲರಿಗೂ ಒಂದೇ ಕ್ರಮವನ್ನು ಕೊಡುತ್ತದೆ. ನೆರೆಯ ಜಿಲ್ಲೆಗಳ ಹಬ್ಬಗಳ ಪರಿಚಯ ಬೇಡವೆಂದಲ್ಲ. ಪೆಟ್ಟಿಗೆ ಬರುವ ಊರಿನಲ್ಲಿ ಹಬ್ಬ ಹೇಗೆ ನಡೆಯುತ್ತದೆಂಬುದನ್ನು ಎರಡು ಪುಟ ವಿವರವಾಗಿ ಬರೆದಿದ್ದರೆ ಹೆಚ್ಚು ಪ್ರಯೋಜನವಿತ್ತು. ಉಣ್ಣುವ ಮೊದಲು ಕಿರಿಯರು ಹಿರಿಯರಿಗೆ 'ಪುದ್ವಾರ್ ಉಣ್ಪೆ' (ಹೊಸತು ಉಣ್ಣುತ್ತೇನೆ) ಎಂದು ಹೇಳಿ, ಅವರ ಒಪ್ಪಿಗೆ ಪಡೆದು ಮೊದಲ ತುತ್ತು ತೆಗೆದುಕೊಳ್ಳುವ ನಮ್ಮ ರೂಢಿಯ ಉಲ್ಲೇಖ ಇಡೀ ಕೈಪಿಡಿಯಲ್ಲಿಲ್ಲ. ಮಕ್ಕಳಿಗೆ ಇಡೀ ಹಬ್ಬದಲ್ಲಿ ನೆನಪುಳಿಯುವುದು ಅದೊಂದೇ ಎಂದು ನನ್ನ ಅನುಭವ.

ಓಲೆಬೆಲ್ಲ ಉತ್ತಮವಾಗಿತ್ತು, ಹೊಗೆಯ ಪರಿಮಳ ಇನ್ನೂ ಇತ್ತು. ಪಾಯಸಕ್ಕೆ ಅರ್ಧ ಅಚ್ಚು ಸಾಕಾಯಿತು. ಅರಸಿನ ಎಲೆಗಳಲ್ಲಿ ಎರಡು ಹರಿದಿದ್ದವು, ಉಳಿದ ಎಂಟರಲ್ಲಿ ಕಡುಬು ಮಾಡಿದೆವು. ತೆಂಗಿನಕಾಯಿ ಸಾಧಾರಣ.

ಹಬ್ಬದ ಬೆಳಗ್ಗೆ ಹತ್ತು ತೆನೆಗಳನ್ನು ಬಾಳೆಲೆಯ ಮೇಲೆ ಹರಡಿಕೊಂಡು ನಾವು ಐದು ಮಂದಿ ಕಾಳು ಸುಲಿಯಲು ಕುಳಿತೆವು. ಒಣಗಿದ ಭತ್ತದ ಉಮಿಯಂತೆ ಇದು ಸುಲಭವಾಗಿ ಬಿಡುವುದಿಲ್ಲ. ಹಸಿಯಾದ್ದರಿಂದ ಕಾಳು ಜಜ್ಜಿಹೋಗದಂತೆ ಬುಡದಿಂದ ತುದಿಗೆ ಉಗುರು ಹಾಯಿಸಬೇಕು. ಮಕ್ಕಳ ಮೊದಲ ಹತ್ತಿಪ್ಪತ್ತು ಕಾಳುಗಳು ಪುಡಿಯಾದವು, ಆಮೇಲೆ ಕೈ ಕೂಡಿತು. ಒಂದು ಗಂಟೆಯ ಕೆಲಸಕ್ಕೆ ಸಣ್ಣ ಬಟ್ಟಲಿನ ಕಾಲು ಭಾಗ ಅಕ್ಕಿ ಸಿಕ್ಕಿತು: ಕೆಲವು ಕಾಳು ಕೆಂಪು, ಕೆಲವು ಹಸಿರು ಮಿಶ್ರಿತ ಬಿಳಿ. ಅಮ್ಮ ಅದರಲ್ಲಿ ಒಂದು ಚಮಚದಷ್ಟನ್ನು ದೇವರ ಮುಂದಿಟ್ಟು, ಉಳಿದದ್ದನ್ನು ಮೂರು ಪಾಲು ಮಾಡಿ ಅನ್ನಕ್ಕೆ, ಪಾಯಸಕ್ಕೆ, ಅರೆಯುವ ಕಾಯಿಗೆ ಹಂಚಿದರು. ಪದಾರ್ಥಗಳು ಏಳು: ಅಲಸಂಡೆ ಪಲ್ಯ, ಹರಿವೆ ಸೊಪ್ಪು, ಬೆಂಡೆಕಾಯಿ ಸಾಂಬಾರು, ಹೀರೆಕಾಯಿ, ಹಾಗಲಕಾಯಿ, ಮುಳ್ಳುಸೌತೆಯ ಹಸಿ, ಕೆಸುವಿನ ದಂಟು ಹಾಕಿದ ಹೆಸರುಕಾಳಿನ ಗಸಿ. ಕೆಸುವಿನ ದಂಟಿಗಾಗಿ ನಾನು ಮೂರು ಮಾರುಕಟ್ಟೆ ತಿರುಗಬೇಕಾಯಿತು. ಅದನ್ನು ಪೆಟ್ಟಿಗೆಯಲ್ಲೇ ಕಳುಹಿಸಿದ್ದರೆ, ಅಕ್ಕಿಯ ಜಾಗದಲ್ಲಿ ಅದೇ ಬಂದಿದ್ದರೆ, ಬಹಳ ಉಪಕಾರವಾಗುತ್ತಿತ್ತು.

ಊಟಕ್ಕೆ ಕುಳಿತಾಗ ಹತ್ತು ವರ್ಷದ ಮಗ ಅಜ್ಜಿಯ ಕಡೆ ತಿರುಗಿ, ಹಿಂದಿನ ರಾತ್ರಿ ಕಲಿತುಕೊಂಡಿದ್ದ ಮಾತನ್ನು ಹೇಳಿದ. ಅಮ್ಮ 'ಉಣ್ಲ ಮಗಾ' ಎಂದರು. ಪಾಯಸದಲ್ಲಿ ಆ ಹಸಿ ಕಾಳುಗಳು ಬೆಂದು ಮೃದುವಾಗಿ, ಹಳೆಯ ಅಕ್ಕಿಯ ಅಗುಳುಗಳ ನಡುವೆ ನಾಲಗೆಗೆ ಬೇರೆಯಾಗಿಯೇ ಸಿಗುತ್ತಿದ್ದವು, ಹಾಲಿನಂಥ ಒಂದು ಎಳೆ ವಾಸನೆಯೂ ಇತ್ತು. ಈ ಒಂದು ಊಟವನ್ನು ಸಾಧ್ಯ ಮಾಡಿದ್ದಕ್ಕಾಗಿ ಗುಂಪಿನವರಿಗೆ ನಾನು ಋಣಿ. ಎರಡು ವರ್ಷದ ಮೇಲೆ ಅಮ್ಮ ಹೊಸತು ಉಂಡರು. ಅದನ್ನು ನಾನು ಯಾವ ಲೋಪದ ಜೊತೆಗೂ ತೂಗಿ ನೋಡಲು ಸಿದ್ಧವಿಲ್ಲ.

ಕೊಟ್ಟ ಹಣಕ್ಕೆ ಪೆಟ್ಟಿಗೆ ತಕ್ಕದ್ದೇ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಕದಿರಿಗಾಗಿ ತರಿಸಿಕೊಳ್ಳುವುದಾದರೆ ಹಿಂಜರಿಯಬೇಕಾಗಿಲ್ಲ. ಇಷ್ಟು ಹದವರಿತು ಕೊಯ್ದ, ಇಷ್ಟು ಉದ್ದ ದಂಟಿನ ಕದಿರು ಬೆಂಗಳೂರಿನಲ್ಲಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅಕ್ಕಿಗಾಗಿ ತರಿಸಿಕೊಳ್ಳುವುದಾದರೆ ಬೇಡ. ತರಿಸಿಕೊಂಡವರು ಒಂದು ಕಟ್ಟನ್ನು ಸುಲಿಯುವುದಕ್ಕೆಂದೇ ತೆಗೆದಿಡಬೇಕು, ಎಲೆಗಳನ್ನು ಬಂದ ಕೂಡಲೇ ಬಿಡಿಸಿ ಹರಡಬೇಕು, ಕದಿರಿಗೆ ತೇವ ತಗಲಿದ್ದರೆ ಎಳೆಬಿಸಿಲಿಗೆ ಇಡಬೇಕು. ಹಬ್ಬಕ್ಕೆ ಎರಡು ದಿನ ಮೊದಲು ತಲುಪುವಂತೆ ಹೇಳುವುದು ಒಳ್ಳೆಯದು. ಅದಕ್ಕಿಂತ ಮೊದಲಾದರೆ ಹಸಿ ಕಾಳು ಒಣಗಿ ಸುಲಿಯುವಾಗ ಒಡೆಯತೊಡಗುತ್ತದೆ.

ಗುಂಪಿನವರಿಗೆ ನಾನು ಮೂರು ಸಂಗತಿ ಬರೆದು ಕಳುಹಿಸಿದ್ದೇನೆ: ಕದಿರು ಕೊಯ್ದ ದಿನವನ್ನೂ ಗದ್ದೆಯಿರುವ ಊರನ್ನೂ ಪೆಟ್ಟಿಗೆಯ ಮೇಲೆ ನಮೂದಿಸುವುದು, ಅಕ್ಕಿಯ ಚೀಟಿಯಲ್ಲಿ ಸುಗ್ಗಿಯದೆಂದು ಬರೆಯುವುದು, ಕಾಳು ಸುಲಿದು ಬೆರೆಸುವ ಕ್ರಮವನ್ನು ಕೈಪಿಡಿಗೆ ಸೇರಿಸುವುದು. ಮೊದಲ ಎರಡಕ್ಕೆ ಒಪ್ಪಿದ್ದಾರೆ. ಮೂರನೆಯದನ್ನು ಅಮ್ಮನ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತೇವೆ ಎಂದಿದ್ದಾರೆ, ಅಮ್ಮ ಅದಕ್ಕಾಗಿ ಒಂದು ಭಾನುವಾರ ಹೇಳಿದ್ದಾರೆ. ಮುಂದಿನ ನವರಾತ್ರಿಗೆ ನಮ್ಮ ಹೆಸರಿನಲ್ಲಿ ಎರಡು ಕಟ್ಟು ಕದಿರು, ಒಂದು ಅಚ್ಚು ಬೆಲ್ಲ ಮತ್ತು, ಸಾಧ್ಯವಾದರೆ, ಕೆಸುವಿನ ದಂಟು ಎಂದು ಬರೆಸಿದ್ದೇನೆ, ಅಕ್ಕಿ ಬೇಡವೆಂದಿದ್ದೇನೆ.